ಪೊಟರೆಯೊಳಗಿನ ನೀರು

ಗಾಜು ಊದುವವನು ಬೆಳಗ್ಗೆ ಎದ್ದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಅಕ್ಕನ ಮರಕ್ಕೆ ನೀರು ಹಾಕುವುದು. ಚಿಗುರುವ ಮರವಲ್ಲ ಅದು. ಬಿದ್ದು ಹಳೆಯದಾದ ಮರದ ಒಂದು ತುಂಡನ್ನು ಅಕ್ಕ ಜೇಡಿಮಣ್ಣಿನಲ್ಲಿ ಮಾಡಿದ್ದಳು. ತೊಟ್ಟಿಲಷ್ಟು ಉದ್ದ. ಮೈತುಂಬ ಒರಟು ತೊಗಟೆ, ತೊಗಟೆಯ ಮೇಲೆ ಕಿವಿಯಂಥ ಅಣಬೆಗಳು, ಬುಡದ ಕಡೆಯಿಂದ ಹತ್ತುವ ಒಂದು ಸಾಲು ಇರುವೆ, ನಡುವೆ ಬೊಗಸೆಯಷ್ಟು ಅಗಲದ ಪೊಟರೆ. ಎಲ್ಲ ಇನ್ನೂ ಸುಡದ ಹಸಿ ಮಣ್ಣು. ಅವನು ಮೇಲಿನ ಪ್ಲಾಸ್ಟಿಕ್ ಸರಿಸಿ, ಒಳಗಿನ ಹಳೇ ಬೆಡ್‌ಶೀಟನ್ನು ಎತ್ತಿ, ಬಾಟಲಿಯಿಂದ ಹದವಾಗಿ ನೀರು ಚಿಮುಕಿಸಿ, ಬೆಡ್‌ಶೀಟನ್ನೂ ಒದ್ದೆ ಮಾಡಿ, ಮತ್ತೆ ಮೂಲೆ ಮೂಲೆ ಒತ್ತಿ ಹೊದಿಸುತ್ತಿದ್ದ. ಆಮೇಲೆಯೇ ಅವನ ಹಲ್ಲುಜ್ಜುವುದು, ಕಾಫಿ, ಉಳಿದದ್ದೆಲ್ಲ.

ಇಷ್ಟೆಲ್ಲ ಉಪಚಾರಕ್ಕೆ ಕಾರಣವಿತ್ತು. ಮಣ್ಣು ಒಮ್ಮೆ ಒಣಗಿಬಿಟ್ಟರೆ ಅದಕ್ಕೆ ಮತ್ತೇನನ್ನೂ ಅಂಟಿಸಲು ಬರುವುದಿಲ್ಲ, ಗೆರೆ ಎಳೆಯಲು ಹೋದರೆ ಉದುರುತ್ತದೆ. ಅಕ್ಕ ಮರವನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದಳು. ಅವಳು ಬಂದು ಮುಗಿಸುವ ತನಕ ಅದು ಹಸಿಯಾಗಿರಬೇಕು. ಅದು ಹಸಿಯಾಗಿರುವ ತನಕ ಅವಳು ಬಂದೇ ಬರುತ್ತಾಳೆ. ಮೊದಲನೆಯ ಮಾತಿನಿಂದ ಎರಡನೆಯದು ಹೇಗೆ ಹುಟ್ಟಿತು ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ. ಕೇಳುವವರು ಯಾರೂ ಆ ಮನೆಗೆ ಬರುತ್ತಲೂ ಇರಲಿಲ್ಲ.

ಅಕ್ಕ ಎಲ್ಲಿಗೆ ಹೋದಳು ಎನ್ನುವಿರೋ? ಮದುವೆಯಾಗಿ ಹೋದಳು. ಐವತ್ತು ದಾಟಿ, ತಲೆ ಅರ್ಧ ನರೆತು, ನೆಂಟರಿಷ್ಟರೆಲ್ಲ ಅವಳ ಮದುವೆಯ ಮಾತನ್ನೇ ಮರೆತ ಮೇಲೆ. ಒಂದು ದಿನ ಮಣ್ಣಿನ ಅಣಬೆಗಳ ಡಬ್ಬ ಹಿಡಿದುಕೊಂಡು ಯಾವುದೋ ಆಫೀಸಿಗೆ ಹೋದವಳು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಳು. ರಿಪೇರಿಗೆ ಬಂದವನು ಹೆದರಬೇಡಿ ಎಂದು ಬಾಗಿಲಿನ ಆಚೆಯಿಂದ ಮಾತಾಡಿಸುತ್ತಲೇ ಕೆಲಸ ಮಾಡಿದನಂತೆ. ಬಾಗಿಲು ತೆರೆಯುವ ಹೊತ್ತಿಗೆ ಅರ್ಧ ಮದುವೆ ಆಗಿಹೋಗಿತ್ತು ಎಂದು ತಮ್ಮ ಕೊಂಕು ಆಡುತ್ತಿದ್ದ. ಆ ಮನುಷ್ಯ ಒಳ್ಳೆಯವನೇ. ಅದೇ ತಮ್ಮನಿಗೆ ತೊಂದರೆಯಾದದ್ದು, ಬೈಯಲು ಏನೂ ಸಿಗಲಿಲ್ಲ. ಎದುರಿಗೆ ಭಾವ ಎನ್ನುತ್ತಿದ್ದ, ಮನಸ್ಸಿನಲ್ಲಿ ಮಾತ್ರ ಅವನಿಗೆ ‘ಮೇಲೆ-ಕೆಳಗೆ’ ಎಂದು ಹೆಸರಿಟ್ಟಿದ್ದ.

ಈ ಅಕ್ಕ ತಮ್ಮ ಬುದ್ಧಿ ಬಂದಾಗಿನಿಂದ ಒಂದೇ ಸೂರಿನ ಕೆಳಗೆ ಕೆಲಸ ಮಾಡಿದವರು. ಅವಳದು ಮಣ್ಣು, ಇವನದು ಗಾಜು. ಅವಳು ಒಡೆದ ಬೀಜಕೋಶ ಮಾಡಿದರೆ ಇವನು ಅದರೊಳಗೆ ಕೂರುವ ಬೀಜ ಮಾಡುತ್ತಿದ್ದ. ಅವಳು ಕೆಸುವಿನ ಎಲೆ ಮಾಡಿದರೆ ಇವನು ಅದರ ಮೇಲಿನ ಹನಿ. ಗಾಜು ಊದುವುದು ಒಬ್ಬನ ಕೈಲಾಗುವ ಕೆಲಸವಲ್ಲ. ಒಬ್ಬನು ಕಬ್ಬಿಣದ ಊದುಗೊಳವೆಯನ್ನು ಬೆಂಚಿನ ಮೇಲೆ ಉರುಳಿಸುತ್ತ ತುದಿಯ ಗಾಜನ್ನು ತಿದ್ದುತ್ತಿದ್ದರೆ, ಇನ್ನೊಬ್ಬರು ಆ ಕಡೆಯ ತುದಿಗೆ ಬಾಯಿಟ್ಟು ಊದಬೇಕು, ಕಾವು ತಟ್ಟದಂತೆ ಹಲಗೆ ಅಡ್ಡ ಹಿಡಿಯಬೇಕು. ಅಷ್ಟು ವರ್ಷವೂ ಆ ಇನ್ನೊಬ್ಬರು ಅಕ್ಕನೇ. ಅವನು ಊದು ಎಂದು ಬಾಯಿಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ, ಗಲ್ಲ ಸ್ವಲ್ಪ ಎತ್ತಿದರೆ ಸಾಕಿತ್ತು. ಎಷ್ಟು ಊದಬೇಕೆಂಬುದೂ ಅವಳಿಗೆ ತಿಳಿಯುತ್ತಿತ್ತು.

ಮದುವೆಯ ಸುದ್ದಿ ಕೇಳಿದ ಮೇಲೆ ಅವನು ಮುಖ ಊದಿಸಿಕೊಂಡ. ಕೆಲಸದ ಮನೆಗೆ ಕಾಲಿಡುವುದನ್ನೇ ಬಿಟ್ಟ. ಬೆನ್ನುನೋವು, ತಲೆನೋವು ಎಂದು ಏನೇನೋ ನೆವ ಹೇಳಿಕೊಂಡು ಮಲಗಿದ. ಒಳಗೆ ಅಕ್ಕ ಒಬ್ಬಳೇ ಕೂತು ಆ ಮರವನ್ನು ಮಾಡುತ್ತಿರುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು, ಮಣ್ಣಿಗೆ ಅಂಗೈ ತಟ್ಟುವ ಸದ್ದು, ಸ್ಟೂಲು ಎಳೆಯುವ ಸದ್ದು. ಎದ್ದು ಹೋಗಿ ಒಂದು ಮಾತಾಡಬಹುದಿತ್ತು. ಹೋಗಲಿಲ್ಲ. ಮದುವೆಗೆ ಮಾತ್ರ ಹೋಗಿ, ಫೋಟೋದಲ್ಲಿ ಕಿವಿನೋವಿನವನಂತೆ ನಿಂತು ಬಂದ.

ಅವಳನ್ನು ರೈಲು ಹತ್ತಿಸಿ ಮನೆಗೆ ಬಂದ ಸಂಜೆ, ಎಷ್ಟೋ ದಿನಗಳ ನಂತರ ಅವನು ಕೆಲಸದ ಮನೆಯ ಬಾಗಿಲು ತೆಗೆದ. ಆ ಮನೆಗೆ ಒಂದು ಕಟ್ಟಳೆಯಿತ್ತು. ಮುಗಿಯದ ಕೆಲಸ ತಿರುಗುವ ಮಣೆಯ ಮೇಲೇ ಒದ್ದೆ ಬಟ್ಟೆ ಹೊದ್ದು ಇರಬೇಕು. ಮುಗಿದ ಕೆಲಸ ಬಟ್ಟೆ ಕಳಚಿಕೊಂಡು ಗೋಡೆಬದಿಯ ಹಲಗೆಗೆ ಹೋಗಿ ಒಣಗಬೇಕು. ಮರ ಮಣೆಯ ಮೇಲಿತ್ತು, ಮೈಮೇಲೆ ಬಟ್ಟೆಯಿರಲಿಲ್ಲ. ಅಣಬೆಗಳ ಅಂಚು ಆಗಲೇ ಬಿಳಿಚಿಕೊಳ್ಳಲು ಶುರುವಾಗಿತ್ತು. ನಡುವೆ ಪೊಟರೆ ಬಾಯಿ ತೆರೆದುಕೊಂಡು ಖಾಲಿಯಾಗಿತ್ತು. ಅದರೊಳಗೆ ಏನೋ ಬರಬೇಕಿತ್ತು, ಒಂದು ಗೂಬೆಮರಿಯೋ ಏನೋ, ಮಾಡಲು ಹೊತ್ತು ಸಿಕ್ಕಿಲ್ಲ ಎಂದುಕೊಂಡ. ಗಡಿಬಿಡಿಯಲ್ಲಿ ಬಟ್ಟೆ ಹೊದಿಸುವುದನ್ನೂ ಮರೆತಳಲ್ಲ ಎಂದು ಅವನಿಗೆ ಅಳು ಬಂತು, ಸಿಟ್ಟೂ ಬಂತು. ಓಡಿಹೋಗಿ ತನ್ನ ಹಾಸಿಗೆಯ ಬೆಡ್‌ಶೀಟನ್ನೇ ಎಳೆದು ತಂದು ನೀರಲ್ಲಿ ಅದ್ದಿ ಹೊದಿಸಿದ. ಅಂದಿನಿಂದ ಶುರುವಾದ ನೀರು, ವರ್ಷವಾದರೂ ನಿಲ್ಲಲಿಲ್ಲ.

ಅಕ್ಕ ಫೋನು ಮಾಡುತ್ತಿದ್ದಳು. ಊಟ ಆಯಿತಾ, ಬೆನ್ನು ಹೇಗಿದೆ, ಒಮ್ಮೆ ಬಂದು ಹೋಗೋ ಎನ್ನುತ್ತಿದ್ದಳು. ಇವನು ಹೂಂ, ನೋಡೋಣ ಎನ್ನುತ್ತಿದ್ದ. ಮರದ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವಳಾಗಿ ಕೇಳಲಿ ಎಂದು ಇವನು ಕಾದ. ಕೇಳಿದರೆ, ಹಸಿಯಾಗಿಯೇ ಇದೆ, ಯಾವಾಗ ಬರುತ್ತೀಯ ಎನ್ನಬಹುದು ಎಂದು ಮಾತನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದ. ಅವಳು ಕೇಳಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಲೆಕ್ಕದಲ್ಲಿ ಇವರಿಬ್ಬರಷ್ಟು ಶ್ರೀಮಂತರು ಯಾರೂ ಇರಲಿಕ್ಕಿಲ್ಲ.

ಈ ನಡುವೆ ಅವನ ಕೆಲಸ ಸಣ್ಣದಾಗುತ್ತ ಬಂತು. ಕಲಾಶಾಲೆಯಲ್ಲಿ ಕಲಿತ ಒಬ್ಬ ಹೆಂಗಸು ಸಹಾಯಕ್ಕೆ ಬಂದಿದ್ದಳು, ಕೈಯಲ್ಲಿ ಕಸುಬಿತ್ತು. ಆದರೆ ಇವನು ಬಾಯಿ ಬಿಡದೆ ಗಲ್ಲ ಎತ್ತುವುದು, ಅವಳಿಗೆ ಅರ್ಥವಾಗದಿರುವುದು, ಆಮೇಲೆ ಇವನು ಹುಬ್ಬು ಗಂಟಿಕ್ಕುವುದು. ನಿಮ್ಮ ಮನಸ್ಸಿನಲ್ಲಿ ಇರುವುದನ್ನು ಓದಲು ನನಗೆ ಬರುವುದಿಲ್ಲ ಎಂದು ಹೇಳಿ ಅವಳು ಹೋದಳು. ತಪ್ಪೇನೂ ಹೇಳಲಿಲ್ಲ. ಹಗಲೂ ರಾತ್ರಿ ಉರಿಯಬೇಕಾದ ದೊಡ್ಡ ಕುಲುಮೆಯನ್ನು ಅವನು ಆರಿಸಿಬಿಟ್ಟ. ಮೇಜಿನ ಮೇಲಿನ ಗ್ಯಾಸ್ ಟಾರ್ಚಿನ ಮುಂದೆ ಕೂತು, ಗಾಜಿನ ಕಡ್ಡಿ ಕರಗಿಸಿ, ಒಬ್ಬನೇ ಮಾಡಬಹುದಾದದ್ದನ್ನು ಮಾಡತೊಡಗಿದ. ಮೊದಲು ಕಪ್ಪೆ, ಆಮೇಲೆ ಜೀರುಂಡೆ, ಆಮೇಲೆ ಏರೋಪ್ಲೇನ್ ಚಿಟ್ಟೆಯ ರೆಕ್ಕೆ, ಕೊನೆಗೆ ಬರೀ ಇಬ್ಬನಿ. ಒಂದು ಕಾಲಕ್ಕೆ ಎರಡು ತೋಳಲ್ಲಿ ಅಪ್ಪಿ ಹಿಡಿಯುವಂಥ ಸೋರೆಕಾಯಿ ಊದಿದವನು, ಚಿಮಟದಲ್ಲಿ ಎತ್ತುವ ಹನಿಗೆ ಬಂದು ನಿಂತಿದ್ದ. ಅಂಗಡಿಯವರು ಚೆನ್ನಾಗಿದೆ ಎನ್ನುತ್ತಿದ್ದರು. ಚೆನ್ನಾಗಿಯೇ ಇದ್ದವು.

ಕೆಲವು ದಿನ ಸಂಜೆಯಾಗುವ ಹೊತ್ತಿಗೆ, ಬೆಳಗ್ಗೆಯಿಂದ ತಾನು ಒಂದು ಮಾತೂ ಆಡಿಲ್ಲ ಎಂಬುದು ಅವನ ನೆನಪಿಗೆ ಬರುತ್ತಿತ್ತು. ಆಗ ಗಂಟಲು ಸರಿಮಾಡಿಕೊಂಡು ರೇಡಿಯೋದವನಿಗೆ ಏನಾದರೂ ಎದುರುತ್ತರ ಕೊಡುತ್ತಿದ್ದ. ಎರಡು ಲೋಟ ತೆಗೆದಿಟ್ಟು ಒಂದನ್ನು ವಾಪಸು ಇಡುವುದಂತೂ ಅಭ್ಯಾಸವೇ ಆಗಿತ್ತು. ಬೇಸರ ಎನ್ನುವ ಪದ ಅದಕ್ಕೆ ಸಾಲದು. ಅವನಿಗೆ ಅಕ್ಕ ಬೇಕಾಗಿದ್ದಳು, ಅಷ್ಟೇ. ಎದುರಿನ ಸ್ಟೂಲಿನ ಮೇಲೆ ಅವಳು ಮಣ್ಣಿನ ಕೈಯಲ್ಲೇ ಮೂಗು ಒರೆಸಿಕೊಳ್ಳುತ್ತ ಕೂತಿರಬೇಕಿತ್ತು.

ಮರದ ಕಥೆಯೂ ಅಷ್ಟಕ್ಕಷ್ಟೆ. ಒದ್ದೆ ಬಟ್ಟೆಯ ಕೆಳಗೆ ಬೂಷ್ಟು ಹಿಡಿಯಿತು, ಕೊಳದ ತಳದ ವಾಸನೆ ಬಂತು. ನೀರು ಬಿದ್ದೂ ಬಿದ್ದೂ ತೊಗಟೆಯ ಗೆರೆಗಳು ಮೊಂಡಾದವು, ಇರುವೆಗಳಲ್ಲಿ ಒಂದೆರಡು ಕಾಲು ಕಳೆದುಕೊಂಡವು, ಒಂದು ಅಣಬೆ ಜೋತುಬಿತ್ತು. ಅವನು ಬೂಷ್ಟನ್ನು ಬ್ರಷ್ಷಿನಿಂದ ಮೆಲ್ಲಗೆ ಒರೆಸುತ್ತಿದ್ದನೇ ಹೊರತು ಒಂದು ಗೆರೆಯನ್ನೂ ತಿದ್ದಲಿಲ್ಲ. ಅಕ್ಕನ ಗೆರೆಗೆ ಅಕ್ಕನೇ ಕೈಹಾಕಬೇಕು. ಪೊಟರೆಯ ತಳದಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತಿತ್ತು. ಅದನ್ನು ಸ್ಪಂಜಿನಿಂದ ಹೀರಿ ತೆಗೆಯುವುದೂ ದಿನದ ಕೆಲಸವಾಯಿತು.

ವರ್ಷ ತುಂಬುತ್ತ ಬಂದಾಗ ಅಕ್ಕನೇ ಫೋನಿನಲ್ಲಿ, ಇವರಿಗೆ ನಿಮ್ಮ ಕಡೆ ಹೊಸ ಬಿಲ್ಡಿಂಗಿನಲ್ಲಿ ಕೆಲಸವಿದೆ, ನಾನೂ ಬರ್ತೀನಿ, ಒಂದು ದಿನ ಇದ್ದು ಹೋಗ್ತೀನಿ ಎಂದಳು. ಒಂದು ದಿನ ಎಂದದ್ದು ಅವನ ಕಿವಿಗೆ ಬೀಳಲಿಲ್ಲ. ಬರ್ತೀನಿ ಎಂದದ್ದಷ್ಟೇ ಬಿತ್ತು. ಕೆಲಸದ ಮನೆಯ ಜೇಡರ ಬಲೆ ತೆಗೆದ, ನೆಲ ತೊಳೆದ. ಅವಳ ಬಿದಿರಿನ ಚಾಕುಗಳನ್ನೆಲ್ಲ ಉಜ್ಜಿ ಚೂಪು ಮಾಡಿ ಸಾಲಾಗಿ ಇಟ್ಟ. ಅವಳ ಏಪ್ರನ್ ಒಗೆದು ಇಸ್ತ್ರಿ ಮಾಡಿದ. ಮಣ್ಣಿನ ಕೆಲಸದ ಏಪ್ರನ್ನಿಗೆ ಇಸ್ತ್ರಿ ಮಾಡಿದ ಮೊದಲ ಮನುಷ್ಯ ಇವನೇ ಇರಬೇಕು. ಹೊಸ ಜೇಡಿಮಣ್ಣು ತರಿಸಿ, ಬೆನ್ನುನೋವನ್ನೂ ಲೆಕ್ಕಿಸದೆ ಕಲಸಿ, ನಾದಿ, ಹದಮಾಡಿಟ್ಟ. ಕುಲುಮೆಯನ್ನು ಮತ್ತೆ ಹೊತ್ತಿಸುವುದಕ್ಕೆ ಏನೇನು ಬೇಕೆಂದೂ ಯೋಚಿಸಿದ. ಹಾಗೆಲ್ಲ ಯೋಚಿಸುವಾಗ ಅವನು ಎಷ್ಟೋ ಚಿಕ್ಕ ವಯಸ್ಸಿನವನಂತೆ ಕಾಣುತ್ತಿದ್ದ.

ಅಕ್ಕ ಬಂದಳು. ಸ್ವಲ್ಪ ದಪ್ಪಗಾಗಿದ್ದಳು. ಉಗುರುಗಳಲ್ಲಿ ಮಣ್ಣಿರಲಿಲ್ಲ. ಭಾವ ಕಾಫಿ ಕುಡಿದು, ಮನೆಯ ಹಿಂಬಾಗಿಲಿನ ಕೀಲು ಕಿರುಗುಟ್ಟುವುದನ್ನು ಕೇಳಿಸಿಕೊಂಡು, ಸುಮ್ಮನೆ ಎಣ್ಣೆ ಬಿಟ್ಟು, ತನ್ನ ಕೆಲಸಕ್ಕೆ ಹೋದ. ಅಕ್ಕ ಕೆಲಸದ ಮನೆಗೆ ಬಂದು ಆಚೆ ಈಚೆ ನೋಡಿದಳು. ಮೊಳೆಗೆ ತೂಗುಹಾಕಿದ ಏಪ್ರನ್ ನೋಡಿ ನಕ್ಕಳು, ತೊಟ್ಟುಕೊಳ್ಳಲಿಲ್ಲ. ತಮ್ಮನಿಗೆ ತಡೆಯಲಾಗಲಿಲ್ಲ. ಕೈಹಿಡಿದು ಮಣೆಯ ಹತ್ತಿರ ಕರೆದುಕೊಂಡು ಹೋಗಿ ಪ್ಲಾಸ್ಟಿಕ್ ತೆಗೆದ, ಬೆಡ್‌ಶೀಟು ತೆಗೆದ, ಹಿಂದೆ ಸರಿದು ನಿಂತ.

ಅಕ್ಕ ಒಂದು ಬೆರಳಿನಿಂದ ತೊಗಟೆಯನ್ನು ಒತ್ತಿದಳು. ಬೆರಳಿನ ಗುರುತು ಬಿತ್ತು.

“ಇದಿನ್ನೂ ಹಸಿ ಇದೆಯಲ್ಲೋ” ಎಂದಳು.

“ಒಂದು ದಿನಾನೂ ಒಣಗೋಕೆ ಬಿಟ್ಟಿಲ್ಲ” ಎಂದ ಅವನು. ಶಾಲೆಯಲ್ಲಿ ಬಹುಮಾನ ಬಂದವನ ದನಿ ಅದು.

ಅಕ್ಕ ಸ್ಟೂಲು ಎಳೆದುಕೊಂಡು ಕೂತಳು.

“ಅದು ಮುಗಿದಿತ್ತು ಕಣೋ. ಮುಗಿಸೇ ಹೋಗಿದ್ದೆ. ಬಟ್ಟೆ ತೆಗೆದಿಟ್ಟಿದ್ದೆ, ನೋಡ್ಲಿಲ್ವಾ ನೀನು?”

ಮರೆತಿದ್ದೀ ಅಂದುಕೊಂಡೆ ಎಂದು ಅವನು ತೊದಲಿದ. ಮುಗಿದಿದ್ದರೆ ಹಲಗೆಗೆ ಹೋಗಬೇಕಿತ್ತಲ್ಲ, ಮಣೆಯ ಮೇಲೇ ಇತ್ತಲ್ಲ ಎಂದ. ಅಕ್ಕ ತಣ್ಣಗೆ ಹೇಳಿದಳು, ಅಷ್ಟು ಭಾರದ್ದನ್ನು ಎತ್ತಿಡಲು ಇಬ್ಬರು ಬೇಕು, ನೀನು ಆಚೆ ರೂಮಿನಲ್ಲಿ ಗೋಡೆಗೆ ಮುಖ ಮಾಡಿಕೊಂಡು ಮಲಗಿದ್ದೆ. ಅವನು ಪೊಟರೆಯನ್ನು ತೋರಿಸಿ, ಮತ್ತೆ ಇದು ಯಾಕೆ ಖಾಲಿ ಎಂದು ಕೇಳಿದ.

“ಅದು ನಿನ್ನ ಪಾಲು. ಮಳೆ ಬಂದು ಹೋದ ಮೇಲೆ ಪೊಟರೇಲಿ ನೀರು ನಿಲ್ಲುತ್ತಲ್ಲ, ಆ ನೀರು. ಮರ ಸುಟ್ಟ ಮೇಲೆ ಅದರೊಳಗೆ ಗಾಜು ಹಾಕಿ ಕರಗಿಸ್ತೀಯ ಅಂದ್ಕೊಂಡಿದ್ದೆ. ಮಣ್ಣು ಗಾಜು ಒಟ್ಟಿಗೆ ಬೇಯಲ್ಲ, ಬಿರುಕು ಬಿಡುತ್ತೆ ಅಂತ ಯಾವಾಗ್ಲೂ ಜಗಳ ಆಡ್ತಿದ್ಯಲ್ಲ, ಬಿಡಲಿ, ಬಿರುಕು ಬಿಟ್ರೇನೇ ನೀರಿನ ಹಾಗೆ ಕಾಣೋದು. ನಾನು ಹೋದ ಮೇಲೆ ಮಾಡ್ತೀಯ, ಮಾಡಿ ಫೋನು ಮಾಡ್ತೀಯ ಅಂತ ಕಾದೆ. ನೀನು ಮಾತೇ ಎತ್ಲಿಲ್ಲ. ಸಿಟ್ಟಲ್ಲಿ ಒಡೆದು ಹಾಕಿದ್ದೀಯ ಅಂದ್ಕೊಂಡೆ. ಕೇಳೋಕೆ ಭಯ ಆಯ್ತು.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ. ಒಬ್ಬಳು ಒಣಗಲಿ ಎಂದು ಬಿಟ್ಟು ಹೋದದ್ದನ್ನು ಇನ್ನೊಬ್ಬನು ವರ್ಷವಿಡೀ ನೆನೆಸಿ ಇಟ್ಟಿದ್ದ. ಅಕ್ಕನಿಗೇ ಮೊದಲು ನಗು ಬಂದದ್ದು. ಬೂಷ್ಟು ಹಿಡಿದ ತೊಗಟೆಯನ್ನು ಮೂಸಿ ನೋಡಿ, ನಾನು ಎಷ್ಟು ಒದ್ದಾಡಿದ್ರೂ ಕೊಳೆತ ಮರದ ವಾಸನೆ ತರೋಕಾಗಿರ್ಲಿಲ್ಲ, ನೀನು ತಂದೆ ನೋಡು ಎಂದಳು. ತಮ್ಮನೂ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗುತ್ತಿದ್ದಂತೆಯೇ, ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದದ್ದು ಹೊರಗೆ ಬಿತ್ತು.

“ಮತ್ತೆ ಕೆಲಸಕ್ಕೆ ಬರಲ್ವಾ ನೀನು?”

ಅಕ್ಕನ ನಗು ನಿಂತಿತು. ಅವಳು ಸುಳ್ಳು ಹೇಳಬಹುದಿತ್ತು. ಇವರು ಬಿಡುವುದಿಲ್ಲ ಎನ್ನಬಹುದಿತ್ತು, ಕೈ ಗಂಟು ನೋವು ಎನ್ನಬಹುದಿತ್ತು. ಹಾಗೆಂದಿದ್ದರೆ ತಮ್ಮನಿಗೆ ಬೈಯಲು ಭಾವನಾದರೂ ಸಿಗುತ್ತಿದ್ದ, ಮರುಕಪಡಲು ಅವಳ ಕೈಯಾದರೂ ಸಿಗುತ್ತಿತ್ತು.

“ಇಲ್ಲ ಕಣೋ. ಮಣ್ಣು ಮುಟ್ಟಿ ವರ್ಷ ಆಯ್ತು. ನೆನಪೇ ಆಗಲ್ಲ. ನೀನು ನೆನಪಾಗ್ತೀಯ, ದಿನಾ ನೆನಪಾಗ್ತೀಯ. ಮಣ್ಣು ಆಗಲ್ಲ.”

ಅವನು ಹೂಂ ಎಂದ. ಹೊಸದಾಗಿ ಹದಮಾಡಿಟ್ಟ ಮಣ್ಣಿನ ಉಂಡೆಗಳು ಮೂಲೆಯಲ್ಲಿದ್ದವು. ಅವಳು ಅತ್ತ ನೋಡದಂತೆ ಅಡ್ಡ ನಿಂತ. ಅವನಿಗೆ ಆಗ ಅನ್ನಿಸಿದ್ದು ದುಃಖವೂ ಅಲ್ಲ, ನಾಚಿಕೆ. ಇಷ್ಟು ವರ್ಷ ಇಬ್ಬರೂ ಒಂದನ್ನೇ ಪ್ರೀತಿಸುತ್ತಿದ್ದೇವೆ ಎಂದು ನಂಬಿಕೊಂಡಿದ್ದನಲ್ಲ, ಆ ನಾಚಿಕೆ. ಮೊಂಡಾದ ಗೆರೆಗಳನ್ನಾದರೂ ತಿದ್ದಿ ಹೋಗು ಎಂದು ಕೇಳಿದ. ಅಕ್ಕ ಬಿದಿರಿನ ಚಾಕು ಎತ್ತಿಕೊಂಡಳು, ಒಂದು ಗೆರೆಯ ಮೇಲೆ ಇಟ್ಟಳು, ಮತ್ತೆ ಕೆಳಗಿಟ್ಟಳು. ಹಳೇ ಮರ ಹೀಗೇ ಇರುತ್ತೆ, ಬಿಡು ಎಂದಳು.

ಆಮೇಲೆ ಇಬ್ಬರೂ ಸೇರಿ ಮರವನ್ನು ಎತ್ತಿದರು. ಅವನು ಬುಡದ ಕಡೆ, ಅವಳು ತುದಿಯ ಕಡೆ. ಒಂದು ಮಾತೂ ಬೇಕಾಗಲಿಲ್ಲ. ಅವನು ಗಲ್ಲ ಎತ್ತಿದ, ಅವಳು ಎತ್ತಿದಳು. ಅವನು ಬಲಗಾಲು ಇಟ್ಟಾಗ ಅವಳು ಎಡಗಾಲು ಇಟ್ಟಳು. ಮಣೆಯಿಂದ ಹಲಗೆಗೆ ಕೋಣೆಯ ಅರ್ಧದಷ್ಟು ದೂರವೂ ಇಲ್ಲ. ಇನ್ನೂ ಸ್ವಲ್ಪ ದೂರವಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಗಾಜಿನವನಿಗೆ ಮಣ್ಣು ಒಣಗಿದ್ದು ಹೇಗೆ ಗೊತ್ತಾಗಬೇಕು? ಅಕ್ಕ ಅವನ ತಲೆಯನ್ನು ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದಂತೆ ಎರಡು ಕೈಯಲ್ಲಿ ಹಿಡಿದು, ಬಗ್ಗಿಸಿ, ಕೆನ್ನೆಯನ್ನು ತೊಗಟೆಗೆ ಒತ್ತಿದಳು.

“ತಣ್ಣಗಿದೆಯಾ? ತಣ್ಣಗಿದ್ರೆ ಒಳಗೆ ನೀರಿದೆ ಅಂತ. ದಿನಾ ಹೀಗೆ ನೋಡು. ತಣ್ಣಗೆ ಅನಿಸದ ದಿನ ಗೂಡಿಗಿಟ್ಟು ಸುಡು. ಮುಂಚೆ ಇಟ್ರೆ ಸಿಡಿದು ಚೂರಾಗುತ್ತೆ.”

ಮರುದಿನ ಅವಳು ಭಾವನ ಜೊತೆ ರೈಲು ಹತ್ತಿದಳು. ಕಿಟಕಿಯಿಂದ ಕೈ ಹೊರಗೆ ಹಾಕಿ, ಇವನು ಕೊಂಡು ಕೊಟ್ಟಿದ್ದ ಹಬೆಯಾಡುವ ಕಾಫಿಯ ಲೋಟವನ್ನು ಇವನಿಗೇ ತಿರುಗಿ ಕೊಟ್ಟು, ನೀನು ಕುಡಿ, ನನಗೆ ಸಾಕು ಎಂದಳು. ರೈಲು ಹೋದ ಮೇಲೂ ಅವನು ಆ ಕಾಫಿ ಮುಗಿಯುವ ತನಕ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದ.

ಮರ ಒಣಗತೊಡಗಿತು. ಮೊದಲು ಅಣಬೆಗಳ ಅಂಚು ಬೆಳ್ಳಗಾಯಿತು, ಆಮೇಲೆ ಇರುವೆಗಳು, ಆಮೇಲೆ ಬೆನ್ನು. ಅವನು ಬೆಳಗ್ಗೆ ಎದ್ದು ಬಂದು ಕೆನ್ನೆ ಇಡುತ್ತಿದ್ದ. ತಣ್ಣಗಿರುತ್ತಿತ್ತು. ಸಮಾಧಾನವಾಗುತ್ತಿತ್ತು. ನಿಜ ಹೇಳಬೇಕೆಂದರೆ ಒಂದು ಬೆಳಗ್ಗೆ ಬೆನ್ನಿನ ಕಡೆ ತಣ್ಣಗೆ ಅನ್ನಿಸದಿದ್ದಾಗ ಅವನ ಕೈ ಬಾಟಲಿಯ ಕಡೆ ಹೋಯಿತು. ಒಮ್ಮೆ ಚಿಮುಕಿಸಿಯೂ ಬಿಟ್ಟ. ಕಪ್ಪಗೆ ಹರಡಿದ ಆ ಕಲೆಯನ್ನು ನೋಡಿ ಅವನಿಗೇ ಹೇಸಿಗೆಯಾಗಿ, ಅಂಗಿಯ ತೋಳಿನಿಂದ ಒತ್ತಿ ಒರೆಸಿ, ಬಾಟಲಿಯ ನೀರನ್ನು ಮೋರಿಗೆ ಚೆಲ್ಲಿಬಂದ. ಬುಡದ ಕಡೆ ಇನ್ನೂ ತಣ್ಣಗಿತ್ತು. ಪೊಟರೆಯ ತಳವಂತೂ ಬಹಳ ದಿನ ತಣ್ಣಗಿತ್ತು. ಅಲ್ಲಿಗೆ ಕೆನ್ನೆ ತಲುಪುತ್ತಿರಲಿಲ್ಲ, ಅಂಗೈ ಮಗುಚಿ ಇಟ್ಟು ನೋಡುತ್ತಿದ್ದ.

ಆಮೇಲೊಂದು ದಿನ ಎಲ್ಲಿಯೂ ತಣ್ಣಗೆ ಅನ್ನಿಸಲಿಲ್ಲ. ಬುಡಕ್ಕೆ ಇಟ್ಟ, ತುದಿಗೆ ಇಟ್ಟ, ಪೊಟರೆಯೊಳಗೆ ಕೈಯಿಟ್ಟ. ಮಣ್ಣು ಕೋಣೆಯಷ್ಟೇ ಬೆಚ್ಚಗಿತ್ತು. ಅಕ್ಕ ಮದುವೆಯಾಗಿ ಹೋಗಿ ಅಷ್ಟು ಕಾಲವಾಗಿದ್ದರೂ ಅವಳು ಈ ಮನೆ ಬಿಟ್ಟು ಹೋದ ಸುದ್ದಿ ಅವನಿಗೆ ಮುಟ್ಟಿದ್ದು ಅವತ್ತು. ಮರದ ಮೇಲೆ ತಲೆಯಿಟ್ಟರೆ ಒದ್ದೆಯಾದೀತೆಂದು ಹೆದರಿ, ದೂರ ಸರಿದು, ಗೋಡೆಗೆ ಒರಗಿ ಕೂತು ಅತ್ತ. ಮದುವೆಯ ದಿನ ಅಳಬೇಕಾದದ್ದೂ ಸೇರಿಸಿ ಅತ್ತ.

ಮುಖ ತೊಳೆದುಕೊಂಡು ಬಂದ ಮೇಲೆ ಮರ ಹಾಗೇ ಇತ್ತು. ಮಣ್ಣು ಸುಡುವ ಗೂಡು ಹಿತ್ತಲಲ್ಲಿ. ಒಣಗಿದ, ಸುಡದ ಮಣ್ಣಿನಷ್ಟು ದುರ್ಬಲವಾದದ್ದು ಆ ಕಸುಬಿನಲ್ಲೇ ಇನ್ನೊಂದಿಲ್ಲ. ಒಂದು ಕಡೆ ತುಸು ಹೆಚ್ಚು ಕಡಿಮೆಯಾದರೂ ನಡುವೆ ಪೊಟರೆಯ ಹತ್ತಿರವೇ ಮುರಿಯುತ್ತದೆ. ಅವನು ಬುಡದ ಕಡೆ ಕೈ ಹಾಕಿ ನೋಡಿದ. ತುದಿಯ ಕಡೆ ಹೋಗಿ ಅಲ್ಲಿಂದಲೂ ಕೈ ಹಾಕಿ ನೋಡಿದ. ಯಾರೂ ಇಲ್ಲದ ಕಡೆಗೆ ತನಗೇ ಗೊತ್ತಿಲ್ಲದಂತೆ ಗಲ್ಲ ಎತ್ತಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದ.

ಎದುರುಗಡೆ ಟೈರ್ ರಿಪೇರಿಯವನ ಅಂಗಡಿ. ಅಷ್ಟು ವರ್ಷದಿಂದ ಎದುರುಬದುರಾಗಿದ್ದರೂ ಅವನೊಡನೆ ಇವನು ಆಡಿದ ಮಾತು ಒಂದು ಕೈಯ ಬೆರಳಿಗೆ ಮಿಕ್ಕಿರಲಿಲ್ಲ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ ಅವನು ತಲೆಯೆತ್ತಿ ನೋಡಿದ. ಗಾಜಿನವನು ಬಾಗಿಲಲ್ಲೇ ನಿಂತು, ಒಂದು ಸಾಮಾನು ಎತ್ತಿಡಬೇಕು, ಸ್ವಲ್ಪ ಕೈ ಕೊಡುತ್ತೀರಾ ಎಂದು ಕೇಳಿದ. ದನಿ ಸರಿಯಾಗಿ ಹೊರಡಲಿಲ್ಲ, ಎರಡನೇ ಸಲ ಹೇಳಬೇಕಾಯಿತು.

ಟೈರಿನವನು ಕೈ ಒರೆಸಿಕೊಳ್ಳುತ್ತ ಎದ್ದು, ತುಂಬ ಭಾರವೇನು ಎಂದ.

“ಅಂಥಾ ಭಾರ ಏನಿಲ್ಲ” ಎಂದ ಗಾಜಿನವನು. “ಒಬ್ಬನ ಕೈಲಿ ಆಗಲ್ಲ, ಅಷ್ಟೆ.”